ಒತ್ತೆಯಾಳು, ದೂರವಾಣಿ ಮತ್ತು ಕಾನೂನಿನ ಗಡಿಯಾರ



ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯ ತುಸು ಇಕ್ಕಟ್ಟಿನದು. ಒಬ್ಬ ಮನುಷ್ಯನನ್ನು ಅಪಹರಿಸಿ ಒತ್ತೆಯಿಟ್ಟುಕೊಂಡಾಗ ದೂರವಾಣಿ ಸಂಪರ್ಕದ ಮೇಲೆ ಸರ್ಕಾರಕ್ಕೆ ಕಾನೂನು ಎಷ್ಟು ಅಧಿಕಾರ ಕೊಟ್ಟಿದೆ? ಅದನ್ನು ಯಾರು, ಎಷ್ಟು ಹೊತ್ತಿನೊಳಗೆ ಚಲಾಯಿಸಬಲ್ಲರು? ಎಲ್ಲ ಮುಗಿದ ಮೇಲೆ ಲೆಕ್ಕ ಕೊಡಬೇಕಾದದ್ದು ಯಾರಿಗೆ? ಈ ಮೂರು ಪ್ರಶ್ನೆಗಳ ಆಚೆಗೆ ನಾನು ಹೆಚ್ಚು ಹೋಗುವುದಿಲ್ಲ. ರಾಜಕೀಯ ಕದ್ದಾಲಿಕೆ, ಗೂಢಚರ್ಯೆಯ ತಂತ್ರಾಂಶ, ಗಲಭೆಯ ಊರುಗಳಲ್ಲಿ ಇಂಟರ್ನೆಟ್ ಸ್ಥಗಿತ ಇವೆಲ್ಲ ಬೇರೆ ಉಪನ್ಯಾಸಗಳಿಗೆ ತಕ್ಕ ವಿಷಯಗಳು. ನಮ್ಮ ದಾರಿಗೆ ಅಡ್ಡ ಬಂದಷ್ಟು ಮಾತ್ರ ಅವುಗಳನ್ನು ಮುಟ್ಟುತ್ತೇನೆ.

ಅಪಹರಣ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು 2000ದ ಜುಲೈ 30ರ ರಾತ್ರಿ. ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನು ಕಾಡಿಗೆ ಕರೆದೊಯ್ಯುವ ಮುನ್ನ ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರ ಪತ್ನಿ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಿ ಎಂದ. ಮುಂದಿನ 108 ದಿನಗಳ ಮಾತುಕತೆ ಸಾಗಿದ್ದು ಕ್ಯಾಸೆಟ್ಟುಗಳ ಮೂಲಕ, ಕಾಡಿಗೆ ಹೋಗಿ ಬರುತ್ತಿದ್ದ ‘ನಕ್ಕೀರನ್’ ಸಂಪಾದಕ ಆರ್. ಗೋಪಾಲ್ ಅವರಂಥ ಸಂಧಾನಕಾರರ ಮೂಲಕ. ಎರಡು ರಾಜ್ಯಗಳ ಸರ್ಕಾರಗಳು ಕಾಯುತ್ತ ಕುಳಿತವು. ಹಿಡಿಯಲು ತಂತಿ ಇರಲಿಲ್ಲ, ಕೇಳಲು ಕರೆ ಇರಲಿಲ್ಲ. ಯಾವ ದಾರಿಯಲ್ಲಿ ಮಾತಾಡಬೇಕು, ಯಾರ ಮೂಲಕ, ಎಷ್ಟು ದಿನಕ್ಕೊಮ್ಮೆ ಎಂಬುದನ್ನೆಲ್ಲ ನಿರ್ಧರಿಸಿದವನು ಅಪಹರಣಕಾರ. ಬಂಧಿತ ಸಹಚರರ ಮೇಲಿನ ಭಯೋತ್ಪಾದನೆ ವಿರೋಧಿ ಟಾಡಾ ಕಾಯ್ದೆಯ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾದಾಗ, ವೀರಪ್ಪನ್‌ನಿಂದ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ನ್ಯಾಯಾಲಯ ಆ ಹಿಂತೆಗೆತವನ್ನು ತಳ್ಳಿಹಾಕಿತು. ನವೆಂಬರ್ 15ರಂದು ರಾಜಕುಮಾರ್ ಹೊರಬಂದರು. ಎರಡು ವರ್ಷದ ನಂತರ, 2002ರ ಆಗಸ್ಟ್ 25ರಂದು, ಇದೇ ಕೈಗಳು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಎತ್ತಿಕೊಂಡು ಹೋದವು. ಅವರು ಜೀವಂತವಾಗಿ ಮರಳಲಿಲ್ಲ.

ಈ ಎರಡು ಘಟನೆಗಳು ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ. ಒತ್ತೆಹಣಕ್ಕಾಗಿ ಅಪಹರಿಸುವವನು ಮಾತಾಡಲೇಬೇಕು. ಕಳ್ಳ ಮೌನವಾಗಿ ಕದಿಯಬಹುದು. ಅಪಹರಣಕಾರನಿಗೆ ಆ ಅನುಕೂಲ ಇಲ್ಲ. ತನ್ನ ಬೇಡಿಕೆಯನ್ನು ಯಾರಿಗಾದರೂ ಹೇಳದೆ ಅವನ ಕೆಲಸ ಪೂರ್ತಿಯಾಗುವುದಿಲ್ಲ. ಅವನು ಹೊರಜಗತ್ತಿಗೆ ತೋರಿಸಿಕೊಳ್ಳುವ ಒಂದೇ ಕಿಂಡಿ ಆ ಕರೆ. ಇವತ್ತು ಆ ಕಿಂಡಿ ಕ್ಯಾಸೆಟ್ಟಲ್ಲ, ಮೊಬೈಲು. ಅದಕ್ಕೇ ಪ್ರಶ್ನೆ ಕಾಡಿನಿಂದ ಕಾನೂನಿಗೆ ಬಂದಿದೆ.

‘ಫೋನ್ ಟ್ರ್ಯಾಪ್’ ಎಂಬ ಒಂದೇ ಮಾತಿನಲ್ಲಿ ನಮ್ಮ ಪತ್ರಿಕೆಗಳು ನಾಲ್ಕು ಬೇರೆಬೇರೆ ಕೆಲಸಗಳನ್ನು ಸೇರಿಸಿಬಿಡುತ್ತವೆ. ಮನೆಯವರ ಒಪ್ಪಿಗೆಯಿಂದ ಅವರ ಫೋನಿಗೆ ಬರುವ ಕರೆಯನ್ನು ಧ್ವನಿಮುದ್ರಿಸುವುದು ಒಂದು. ಯಾವ ನಂಬರು ಯಾವ ಟವರಿನ ಕೆಳಗಿದೆ, ಯಾರಿಗೆ ಯಾವಾಗ ಕರೆ ಹೋಯಿತು ಎಂಬ ವಿವರ ತರಿಸುವುದು ಎರಡನೆಯದು. ಇಬ್ಬರ ನಡುವಿನ ಮಾತನ್ನು ಅವರಿಗೆ ತಿಳಿಯದಂತೆ ಕೇಳುವುದು ಮೂರನೆಯದು. ಸಂಪರ್ಕವನ್ನೇ ಕಡಿಯುವುದು ಅಥವಾ ಬೇರೆಡೆಗೆ ತಿರುಗಿಸುವುದು ನಾಲ್ಕನೆಯದು. ಇವುಗಳಿಗೆ ಬೇರೆಬೇರೆ ಕಾನೂನು, ಬೇರೆಬೇರೆ ಅಧಿಕಾರಿ. ಇದೇ ಅನುಕ್ರಮದಲ್ಲಿ ಮಾತಾಡುತ್ತೇನೆ. ಮೂರನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದೀತು.

ಮೊದಲನೆಯದು ಸುಲಭ. 1972ರಲ್ಲಿ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಗೆಹರಿಸಿದೆ. ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಒಪ್ಪಿ, ತಮ್ಮ ಫೋನಿಗೆ ಪೊಲೀಸರು ಯಂತ್ರ ಜೋಡಿಸಲು ಬಿಟ್ಟರೆ ಅದು ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆ ಅಲ್ಲ. ಆ ಪ್ರಕರಣ ಲಂಚದ್ದು, ಅಪಹರಣದ್ದಲ್ಲ. ಆದರೂ ಮಗುವಿನ ತಂದೆಯ ಪಕ್ಕ ಕುಳಿತು, ಅವರ ಫೋನಿನಲ್ಲೇ ಕರೆಯನ್ನು ಮುದ್ರಿಸಿಕೊಳ್ಳುವ ಇನ್ಸ್‌ಪೆಕ್ಟರಿಗೆ ಗೃಹ ಕಾರ್ಯದರ್ಶಿಯ ಸಹಿ ಬೇಡ ಎನ್ನುವುದಕ್ಕೆ ಇಂದಿಗೂ ಆಧಾರ ಅದೇ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ‘ಮೇಲಿನಿಂದ ಅನುಮತಿ ಬರಲಿ’ ಎಂದು ಕಾಯುವ ಠಾಣೆಗಳಿಗೆ ಈ ಕೆಲಸಕ್ಕೆ ಕಾಯಬೇಕಿಲ್ಲ ಎಂಬುದು ತಿಳಿದಿರಬೇಕು. ಬೇಕಿರುವುದು ಮನೆಯವರ ಒಪ್ಪಿಗೆ. ಅದನ್ನು ಬರಹದಲ್ಲಿ ಪಡೆದಿಟ್ಟುಕೊಂಡರೆ ನ್ಯಾಯಾಲಯದಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ಎರಡನೆಯದಕ್ಕೆ ಬರೋಣ, ಅಂದರೆ ಕರೆ ವಿವರ ಮತ್ತು ಲೊಕೇಶನ್. ಇಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಮು ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮು ಬಂದಿದೆ. ವಿದ್ಯುನ್ಮಾನ ಸಂವಹನದ ಮಾಹಿತಿಯನ್ನು ಹಾಜರುಪಡಿಸಿ ಎಂದು ನ್ಯಾಯಾಲಯವೂ ಹೇಳಬಹುದು, ಠಾಣಾಧಿಕಾರಿಯೂ ಹೇಳಬಹುದು. ದೂರಸಂಪರ್ಕ ಕಂಪನಿಗಳು ಕರೆ ವಿವರಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂಬ ಷರತ್ತು 2021ರ ಡಿಸೆಂಬರಿನಿಂದ ಪರವಾನಗಿಯಲ್ಲೇ ಸೇರಿದೆ. ಹಾಗಾಗಿ ಹಳೆಯ ಕರೆಗಳ ಮಾಹಿತಿ ಸಿಗುತ್ತದೆ. ಅಪಹರಣದಲ್ಲಿ ಬೇಕಾಗುವುದು ಈ ಗಳಿಗೆಯ ಮಾಹಿತಿ. ಅದು ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದು ಕಲಮಿನ ಪದಗಳಿಗಿಂತ ಹೆಚ್ಚಾಗಿ ಎಫ್‌ಐಆರ್ ಯಾವಾಗ ದಾಖಲಾಯಿತು, ಕಂಪನಿಯ ನೋಡಲ್ ಅಧಿಕಾರಿ ಫೋನೆತ್ತಿದನೇ ಎಂಬುದನ್ನು ಅವಲಂಬಿಸುತ್ತದೆ.

ಎಫ್‌ಐಆರ್ ಮಾತು ಬಂದದ್ದರಿಂದ ಒಂದು ವಿಷಯ ನೆನಪಿಸುತ್ತೇನೆ. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು 2013ರ ನವೆಂಬರ್ 12ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಪೊಲೀಸ್ ವಿಷಯದ ಚರ್ಚೆಗಳಲ್ಲಿ ದಿನವೂ ಕೇಳಿಬರುವ ತೀರ್ಪು ಅದು. ಅದು ಹುಟ್ಟಿದ್ದು ಅಪಹೃತಳಾದ ಬಾಲಕಿಯೊಬ್ಬಳ ತಂದೆಯ ಅರ್ಜಿಯಿಂದ ಎಂಬುದನ್ನು ನಾವು ಮರೆತಿದ್ದೇವೆ. ಠಾಣೆ ಆತನ ದೂರನ್ನು ದಾಖಲಿಸಿರಲಿಲ್ಲ. ಅದೇ ವರ್ಷದ ಮೇ 10ರಂದು, ಬಚ್ಪನ್ ಬಚಾವೋ ಆಂದೋಲನ ತಂದ ಪ್ರಕರಣದಲ್ಲಿ, ಕಾಣೆಯಾದ ಮಗುವಿನ ದೂರು ಬಂದರೆ ಅಪಹರಣ ಅಥವಾ ಸಾಗಣೆ ಎಂದೇ ಮೊದಲು ಭಾವಿಸಿ ಎಫ್‌ಐಆರ್ ಮಾಡಬೇಕು ಎಂದು ನ್ಯಾಯಾಲಯ ನಿರ್ದೇಶಿಸಿತ್ತು. ‘ಎಲ್ಲೋ ಸ್ನೇಹಿತರ ಮನೆಗೆ ಹೋಗಿರಬಹುದು, ನಾಳೆ ಬನ್ನಿ’ ಎಂದು ಬಡವರನ್ನು ಹಿಂದಕ್ಕೆ ಕಳುಹಿಸುವ ಠಾಣೆಯಲ್ಲಿ ಉಳಿದ ಯಾವ ಅಧಿಕಾರವೂ ಪ್ರಾರಂಭವಾಗುವುದೇ ಇಲ್ಲ. ಟವರ್ ಮಾಹಿತಿ ಕೇಳುವ ಪತ್ರಕ್ಕೆ ಕ್ರೈಂ ನಂಬರು ಬೇಕಲ್ಲ.

ವಿಳಂಬದ ಬೆಲೆ ಏನೆಂಬುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಪ್ರಕರಣ ಹೇಳಬೇಕು. 2007ರ ಜೂನಿನಲ್ಲಿ ಅಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳನ್ನು ಅಂಗಡಿಯ ವಾಹನ ನಿಲುಗಡೆಯಿಂದ ಎತ್ತಿಕೊಂಡು ಹೋದರು. ಅವಳ ಬಳಿ ಫೋನ್ ಇತ್ತು. ಅದು ಯಾವ ಟವರಿಗೆ ಸಿಕ್ಕಿದೆ ಎಂಬ ಮಾಹಿತಿಯನ್ನು ಪೊಲೀಸರಿಗೆ ಕೊಡಲು ದೂರವಾಣಿ ಕಂಪನಿ ನಾಲ್ಕು ದಿನ ತೆಗೆದುಕೊಂಡಿತು. ಮಾಹಿತಿ ಬಂದ ಸ್ವಲ್ಪ ಹೊತ್ತಿನಲ್ಲೇ ಅವಳ ಶವ ಸಿಕ್ಕಿತು. ಆಕೆಯ ತಂದೆತಾಯಿ ಪಟ್ಟುಹಿಡಿದು ಓಡಾಡಿದ ಫಲವಾಗಿ 2009ರಲ್ಲಿ ಕಾನ್ಸಾಸ್ ಅವಳ ಹೆಸರಿನಲ್ಲೇ ಒಂದು ಕಾನೂನು ಮಾಡಿತು: ಜೀವಾಪಾಯದ ತುರ್ತಿನಲ್ಲಿ ಪೊಲೀಸರು ಕೇಳಿದರೆ ಕಂಪನಿ ಲೊಕೇಶನ್ ಕೊಡಲೇಬೇಕು. ಅದುವರೆಗೆ ಅಲ್ಲಿನ ಫೆಡರಲ್ ಕಾನೂನು ಕಂಪನಿಗೆ ‘ಕೊಡಬಹುದು’ ಎಂದಷ್ಟೇ ಹೇಳುತ್ತಿತ್ತು. ಮುಂದೆ ಹಲವು ರಾಜ್ಯಗಳು ಇದನ್ನೇ ಅನುಸರಿಸಿದವು. ಆ ಕಾನೂನು ಕರೆಯಲ್ಲಿನ ಮಾತನ್ನು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ಸ್ಥಳ ಮಾತ್ರ, ತುರ್ತು ಇರುವಷ್ಟು ಹೊತ್ತು ಮಾತ್ರ. ಇಂಥ ಕಿರಿದಾದ, ಆದರೆ ಕಂಪನಿಗೆ ಆಯ್ಕೆಯೇ ಕೊಡದ ನಿಯಮ ನಮಗೂ ಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಮೂರನೆಯದು, ಕದ್ದಾಲಿಕೆ. ಇಲ್ಲಿ ನಿಧಾನವಾಗಿ ಹೋಗೋಣ.

1885ರ ಟೆಲಿಗ್ರಾಫ್ ಕಾಯ್ದೆ ಬರೆದವರ ಕಣ್ಮುಂದೆ ಇದ್ದದ್ದು ವಸಾಹತು ಸರ್ಕಾರದ ಭದ್ರತೆ. ಅದರ 5ನೇ ಕಲಮಿನ 2ನೇ ಉಪಕಲಮು ಎರಡು ಬಾಗಿಲುಗಳನ್ನು ಒಂದರ ಹಿಂದೆ ಒಂದು ಇಟ್ಟಿತ್ತು. ಮೊದಲು ‘ಸಾರ್ವಜನಿಕ ತುರ್ತು ಪರಿಸ್ಥಿತಿ’ ಅಥವಾ ‘ಸಾರ್ವಜನಿಕ ಸುರಕ್ಷತೆ’ ಇರಬೇಕು. ಅದಾದ ಮೇಲೆ ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯ ತಡೆ ಇವುಗಳಲ್ಲಿ ಒಂದು ಕಾರಣ ಇರಬೇಕು. ಈಗ ಒಬ್ಬ ವ್ಯಾಪಾರಿಯ ಮಗನನ್ನು ಎತ್ತಿಕೊಂಡು ಹೋಗಿ ಹಣ ಕೇಳುತ್ತಿದ್ದಾರೆ ಎಂದುಕೊಳ್ಳಿ. ದೇಶದ ಸಾರ್ವಭೌಮತೆಗೆ ಧಕ್ಕೆಯಿಲ್ಲ. ಊರಿನಲ್ಲಿ ಗಲಭೆಯಿಲ್ಲ. ಅಪಾಯದಲ್ಲಿರುವುದು ಒಂದು ಜೀವ. 1996ರ ಡಿಸೆಂಬರ್ 18ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಸಾರ್ವಜನಿಕ ಸುರಕ್ಷತೆ’ಯನ್ನು ಜನಸಮೂಹ ಗಂಭೀರ ಅಪಾಯದಿಂದ ಮುಕ್ತವಾಗಿರುವ ಸ್ಥಿತಿ ಎಂಬರ್ಥದಲ್ಲಿ ವಿವರಿಸಿತು. ಒಂದು ಮಗುವಿನ ಪ್ರಾಣ ಜನಸಮೂಹದ ಸುರಕ್ಷತೆಯೇ? ಹೌದು ಎಂದು ವಾದಿಸಬಹುದು, ವಾದಿಸುತ್ತಾರೆ ಕೂಡ. ಅಪಹರಣಕಾರರ ತಂಡ ಹೊರಗಿರುವಷ್ಟು ದಿನ ಯಾರ ಮಗುವೂ ಸುರಕ್ಷಿತವಲ್ಲ ಎಂದು. ಆದರೆ ವಾದಿಸಬೇಕಾದ ಸ್ಥಿತಿ ಇದೆ ಎಂಬುದೇ ಕಾನೂನಿನ ಕೊರತೆ. 2019ರಲ್ಲಿ ಬಾಂಬೆ ಹೈಕೋರ್ಟು ಲಂಚದ ಪ್ರಕರಣವೊಂದರಲ್ಲಿ ಕದ್ದಾಲಿಕೆಯ ಆದೇಶಗಳನ್ನು ರದ್ದುಮಾಡಿದಾಗ ಕಾರಣ ಇದೇ ಆಗಿತ್ತು: ಈ ಬಾಗಿಲುಗಳಲ್ಲಿ ಯಾವುದೂ ತೆರೆದಿರಲಿಲ್ಲ. ನ್ಯಾಯಾಲಯದ ನಿಲುವು ಸರಿಯಾದದ್ದೇ. ಅದನ್ನು ಸರಿ ಎನ್ನುವವರು ಅಪಹರಣಕ್ಕೆ ಬೇರೊಂದು ಬಾಗಿಲು ಇರಲಿ ಎಂದೂ ಕೇಳಬೇಕಾಗುತ್ತದೆ. 2023ರ ದೂರಸಂಪರ್ಕ ಕಾಯ್ದೆ ಬಂದಾಗ ಆ ಅವಕಾಶ ಇತ್ತು. ಅದರ 20ನೇ ಕಲಮು 2024ರ ಜೂನ್ 26ರಂದು ಜಾರಿಗೆ ಬಂದಿದೆ. ಹಳೆಯ ಪದಗಳೇ ಬಹುಪಾಲು ಹಾಗೆಯೇ ಅಲ್ಲಿಗೆ ಸಾಗಿ ಬಂದಿವೆ. ಒಬ್ಬ ವ್ಯಕ್ತಿಯ ಪ್ರಾಣಾಪಾಯ ಎಂಬ ಕಾರಣಕ್ಕೆ ಜಾಗ ಸಿಗಲಿಲ್ಲ.

ಹೋಲಿಸಿ ನೋಡಿ. ಅಮೆರಿಕದ 1968ರ ಕದ್ದಾಲಿಕೆ ಕಾನೂನು ಯಾವ ಅಪರಾಧಗಳಿಗೆ ಕದ್ದಾಲಿಸಬಹುದು ಎಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಅಪಹರಣ ಹೆಸರಿಟ್ಟು ಇದೆ. 1984ರಲ್ಲಿ ಒಂದು ತಿದ್ದುಪಡಿ ಬಂತು. ಯಾವುದೇ ವ್ಯಕ್ತಿಗೆ ತಕ್ಷಣದ ಸಾವು ಅಥವಾ ಗಂಭೀರ ಗಾಯದ ಅಪಾಯ ಇದ್ದರೆ ನ್ಯಾಯಾಧೀಶರ ಆದೇಶಕ್ಕೆ ಮೊದಲೇ ಕೇಳಲು ಪ್ರಾರಂಭಿಸಬಹುದು. ಆದರೆ 48 ಗಂಟೆಯೊಳಗೆ ಅರ್ಜಿ ಹಾಕಬೇಕು. ಅರ್ಜಿ ತಿರಸ್ಕೃತವಾದರೆ ಕೇಳಿದ್ದೆಲ್ಲ ಅಕ್ರಮ.

ಇಂಥ ಮಾತು ಭಾರತದ ಕಾನೂನಿಗೆ ಅಪರಿಚಿತವೇನಲ್ಲ. ಮಹಾರಾಷ್ಟ್ರದ 1999ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಜನ ‘ಮೋಕಾ’ ಎನ್ನುವುದು, ತನ್ನ 14ನೇ ಕಲಮಿನಲ್ಲಿ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಮಾಡಿದೆ: ತಕ್ಷಣದ ಜೀವಾಪಾಯ ಇದ್ದರೆ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರ ದರ್ಜೆಯ ಅಧಿಕಾರಿ ಅನುಮತಿ ಕೊಡಬಹುದು, 48 ಗಂಟೆಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹೋಗಬೇಕು. 2008ರಲ್ಲಿ ಸುಪ್ರೀಂ ಕೋರ್ಟು ಆ ಕಲಮುಗಳನ್ನು ಎತ್ತಿಹಿಡಿಯಿತು. ಕರ್ನಾಟಕವೂ ಅದೇ ಮಾದರಿಯಲ್ಲಿ ತನ್ನ ‘ಕೋಕಾ’ ಕಾಯ್ದೆ ರೂಪಿಸಿಕೊಂಡಿತು. ತೊಡಕು ಇರುವುದು ಪ್ರವೇಶದಲ್ಲಿ. ಈ ಕಾಯ್ದೆಗಳು ಅನ್ವಯಿಸಬೇಕಾದರೆ ಅಪರಾಧ ‘ಸಂಘಟಿತ’ ಆಗಿರಬೇಕು, ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಇರಬೇಕು. ಸಾಲ ತೀರಿಸಲು ಮೊದಲ ಬಾರಿ ಈ ಕೃತ್ಯಕ್ಕಿಳಿದ ನೆರೆಮನೆಯವನಿಗೆ, ಕೆಲಸ ಬಿಟ್ಟ ಚಾಲಕನಿಗೆ ಇದು ಅನ್ವಯಿಸುವುದಿಲ್ಲ. ಗುರುತು ಸಿಕ್ಕೀತೆಂಬ ಭಯಕ್ಕೆ ಮಗುವನ್ನೇ ಮುಗಿಸಿಬಿಡುವ ಅಪಾಯ ಹೆಚ್ಚಿರುವುದು ಇಂಥ ಪರಿಚಿತರಿಂದಲೇ.

ಮೋಕಾದ ಹೊರಗಿನ ಸಾಮಾನ್ಯ ದಾರಿ ಯಾವುದು? ಟೆಲಿಗ್ರಾಫ್ ನಿಯಮ 419ಎ. ಪಿಯುಸಿಎಲ್ ತೀರ್ಪಿನ ನಂತರ 1999ರಲ್ಲಿ ಬಂದದ್ದು, 2007ರಲ್ಲಿ ಹೊಸದಾಗಿ ಬರೆಯಲ್ಪಟ್ಟದ್ದು. 2024ರ ಡಿಸೆಂಬರ್ 6ರಂದು ಅದರ ಜಾಗಕ್ಕೆ ಹೊಸ ಕಾನೂನುಬದ್ಧ ಕದ್ದಾಲಿಕೆ ನಿಯಮಗಳು ಬಂದವು. ಚೌಕಟ್ಟು ಬಹುಮಟ್ಟಿಗೆ ಅದೇ. ರಾಜ್ಯದಲ್ಲಿ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಆದೇಶದ ಆಯುಷ್ಯ 60 ದಿನ, ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ. ದೂರದ ಪ್ರದೇಶ ಎಂದೋ ಕಾರ್ಯಾಚರಣೆಯ ಕಾರಣಕ್ಕೋ ಮೊದಲೇ ಆದೇಶ ಪಡೆಯಲಾಗದಿದ್ದರೆ, ರಾಜ್ಯ ಮಟ್ಟದಲ್ಲಿ ಐಜಿಪಿಗಿಂತ ಕೆಳಗಿನವರಲ್ಲದ ಅಧಿಕೃತ ಅಧಿಕಾರಿ ತಾವೇ ಅನುಮತಿಸಿ ಮೂರು ಕೆಲಸದ ದಿನಗಳಲ್ಲಿ ತಿಳಿಸಬೇಕು. ಏಳು ಕೆಲಸದ ದಿನಗಳಲ್ಲಿ ದೃಢೀಕರಣ ಸಿಗದಿದ್ದರೆ ನಿಲ್ಲಿಸಬೇಕು. ಅಪಹರಣದ ಕದ್ದಾಲಿಕೆ ಬರುವುದು ಈ ತುರ್ತು ದಾರಿಯಲ್ಲೇ.

‘ಕೆಲಸದ ದಿನ’ ಎಂಬ ಲೆಕ್ಕವನ್ನು ಸ್ವಲ್ಪ ಯೋಚಿಸಿ. ಆಯುಧಪೂಜೆಯ ಹಿಂದಿನ ಸಂಜೆ ಒಬ್ಬನನ್ನು ಅಪಹರಿಸಿದರು ಎನ್ನಿ. ಹಬ್ಬ, ವಿಜಯದಶಮಿ, ಅದಕ್ಕೆ ಅಂಟಿಕೊಂಡ ಶನಿವಾರ ಭಾನುವಾರ ಕಳೆದರೆ ಮೂರು ಕೆಲಸದ ದಿನ ಮುಗಿಯುವುದಕ್ಕೆ ಒಂದು ವಾರವೇ ಹಿಡಿದೀತು. ಕೇಳುವ ಕೆಲಸ ಮೊದಲ ಗಂಟೆಯಲ್ಲೇ ಪ್ರಾರಂಭವಾಗಿರುತ್ತದೆ, ಅದಕ್ಕೆ ರಜೆ ಇಲ್ಲ. ರಜೆ ಇರುವುದು ಪರಿಶೀಲನೆಗೆ. ಪೊಲೀಸರು ಗಂಟೆಗಳ ಲೆಕ್ಕದಲ್ಲಿ ಓಡುವಾಗ ಮೇಲ್ವಿಚಾರಣೆ ವಾರಗಳ ಲೆಕ್ಕದಲ್ಲಿ ನಡೆಯುವುದು ಸರಿಯಲ್ಲ. ಅಧಿಕಾರಿಗಳ ಮೇಲೆ ಅವಿಶ್ವಾಸದಿಂದ ಈ ಮಾತು ಹೇಳುತ್ತಿಲ್ಲ. ತುರ್ತು ಅಧಿಕಾರ ಎಷ್ಟು ಬೇಗ ಸಿಗುತ್ತದೋ ಅಷ್ಟೇ ಬೇಗ ಇನ್ನೊಬ್ಬರ ಕಣ್ಣಿಗೆ ಬೀಳುವಂತಿದ್ದರೆ ಅದನ್ನು ಕೊಡಲು ಯಾರೂ ಹಿಂಜರಿಯುವುದಿಲ್ಲ. ಅಪಹರಣದ ಪೀಡಿತರಿಗೆ ಇದರಿಂದ ಲಾಭವೇ ಇದೆ.

ಈ ಹಿಂಜರಿಕೆಗೆ ಕರ್ನಾಟಕದಲ್ಲಿ ಚರಿತ್ರೆಯೂ ಇದೆ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಬಿಸಿಯಲ್ಲಿ. 2019ರಲ್ಲಿ ಮತ್ತೊಂದು ಕದ್ದಾಲಿಕೆ ವಿವಾದವನ್ನು ರಾಜ್ಯ ಸರ್ಕಾರ ಸಿಬಿಐಗೆ ಒಪ್ಪಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕದ್ದಾಲಿಕೆಯ ದುರ್ಬಳಕೆಗೂ ಅದರ ವಿರುದ್ಧದ ಹೋರಾಟಕ್ಕೂ ನಮ್ಮ ನೆಲ ಸಾಕ್ಷಿಯಾಗಿದೆ. ಹೀಗಿದ್ದೂ ಪರಿಶೀಲನಾ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಗೃಹ ಕಾರ್ಯದರ್ಶಿಯನ್ನು ಬಿಟ್ಟು ಇನ್ನೊಬ್ಬ ಕಾರ್ಯದರ್ಶಿ. ಮೂವರೂ ಸರ್ಕಾರದವರೇ. ಎರಡು ತಿಂಗಳಿಗೊಮ್ಮೆ ಸೇರಿ ಕಡತಗಳ ರಾಶಿಯ ಮುಂದೆ ಕೂರುವ ಈ ಮೂವರ ಜಾಗದಲ್ಲಿ, ಕನಿಷ್ಠ ಜೀವಾಪಾಯದ ತುರ್ತು ಆದೇಶಗಳನ್ನಾದರೂ 48 ಗಂಟೆಯೊಳಗೆ ಒಬ್ಬ ಜಿಲ್ಲಾ ನ್ಯಾಯಾಧೀಶರು ನೋಡುವಂತಾಗಬೇಕು. ಜಾಮೀನು ಅರ್ಜಿ, ರಿಮ್ಯಾಂಡ್ ಇವನ್ನೆಲ್ಲ ರಜಾದಿನದಲ್ಲೂ ಮ್ಯಾಜಿಸ್ಟ್ರೇಟರು ಮನೆಯಲ್ಲಿ ಕುಳಿತು ನೋಡುತ್ತಾರೆ. ಇದು ಅಸಾಧ್ಯವಾದ ಬೇಡಿಕೆಯಲ್ಲ.

ಹೊಸ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವನ್ನು ಹೇಳದೆ ಮುಂದೆ ಹೋಗಬಾರದು. ತುರ್ತು ಕದ್ದಾಲಿಕೆಗೆ ದೃಢೀಕರಣ ಸಿಗದಿದ್ದರೆ ಪಡೆದ ಸಂದೇಶವನ್ನು ಯಾವ ಉದ್ದೇಶಕ್ಕೂ, ನ್ಯಾಯಾಲಯದ ಸಾಕ್ಷ್ಯವಾಗಿಯೂ, ಬಳಸುವಂತಿಲ್ಲ. ಸಂಸತ್ ಭವನದ ಮೇಲಿನ ದಾಳಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಕಾರ್ಯವಿಧಾನದ ಲೋಪವಿದ್ದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂದಿತ್ತು. ಆ ಸಡಿಲತೆಯ ಮೇಲೆ ಬೆಳೆದ ತನಿಖಾಧಿಕಾರಿಗಳು ಈಗ ಅಭ್ಯಾಸ ಬದಲಿಸಿಕೊಳ್ಳಬೇಕು. ಅನುಮತಿಯ ಕಾಗದವನ್ನು ಲಘುವಾಗಿ ಕಂಡರೆ ಅಪಹರಣಕಾರ ಬಿಡುಗಡೆಯಾಗಿ ಹೋಗುತ್ತಾನೆ.

ತುರ್ತಿನಲ್ಲಿ ಮಾಡಿದ ಕಾನೂನು ಹೇಗೆ ಹರಡಿಕೊಳ್ಳುತ್ತದೆ ಎಂಬುದಕ್ಕೆ ಇಟಲಿ ಉದಾಹರಣೆ. 1978ರ ಮಾರ್ಚ್ 16ರಂದು ರೆಡ್ ಬ್ರಿಗೇಡ್ಸ್ ಎಂಬ ಸಶಸ್ತ್ರ ಗುಂಪು ಮಾಜಿ ಪ್ರಧಾನಿ ಆಲ್ಡೊ ಮೋರೊ ಅವರನ್ನು ರೋಮಿನ ಬೀದಿಯಲ್ಲಿ, ಐವರು ಅಂಗರಕ್ಷಕರನ್ನು ಕೊಂದು, ಎತ್ತಿಕೊಂಡು ಹೋಯಿತು. ಐದೇ ದಿನಕ್ಕೆ, ಮಾರ್ಚ್ 21ಕ್ಕೆ, ಸರ್ಕಾರ ಸುಗ್ರೀವಾಜ್ಞೆ ತಂದಿತು. ದೂರವಾಣಿ ಕದ್ದಾಲಿಕೆಗೆ ನ್ಯಾಯಾಧೀಶರು ಬಾಯಿಮಾತಿನಲ್ಲೂ ಅನುಮತಿ ಕೊಡಬಹುದು, ನಂತರ ಬರಹದಲ್ಲಿ ದೃಢೀಕರಿಸಬೇಕು ಎಂದಿತು. ಇಷ್ಟು ನ್ಯಾಯವಾದದ್ದು, ಅದೇ ಮಾದರಿಯನ್ನು ನಾನೂ ಸೂಚಿಸುತ್ತಿದ್ದೇನೆ. ಆದರೆ ಅದೇ ಸುಗ್ರೀವಾಜ್ಞೆ ಯಾವ ಅಪರಾಧವೂ ನಡೆಯುವ ಮೊದಲೇ ಮಾಡುವ ಮುನ್ನೆಚ್ಚರಿಕೆಯ ಕದ್ದಾಲಿಕೆಗೂ ಜಾಗ ಮಾಡಿಕೊಟ್ಟಿತು. ಮೋರೊ ಅವರ ಬಿಡುಗಡೆಗೂ ಅದಕ್ಕೂ ನೇರ ಸಂಬಂಧವಿರಲಿಲ್ಲ. 55 ದಿನಗಳ ನಂತರ, ಮೇ 9ರಂದು, ಮೋರೊ ಅವರ ಸಹಾಯಕರೊಬ್ಬರಿಗೆ ಕರೆ ಬಂತು. ಕಾಯೆತಾನಿ ಬೀದಿಯಲ್ಲಿ ನಿಂತ ಕಾರಿನಲ್ಲಿ ಶವವಿದೆ ಎಂದು ಆ ಕಡೆಯವನು ಹೇಳಿದ. ಆ ಕರೆ ಕದ್ದಾಲಿಕೆಯಲ್ಲಿ ಮುದ್ರಿತವಾಗಿದೆ. ಅದರಿಂದ ಯಾರ ಜೀವವೂ ಉಳಿಯಲಿಲ್ಲ. ಅಪಹರಣಕಾರರು ಸಾರ್ವಜನಿಕ ದೂರವಾಣಿಗಳಿಂದ ಕ್ಷಣಕಾಲ ಮಾತಾಡಿ ಹೊರಟುಹೋಗುತ್ತಿದ್ದರು. ಕೇಳುವ ಅಧಿಕಾರವಿದ್ದೂ ಸ್ಥಳ ಹಿಡಿಯುವ ಸಾಮರ್ಥ್ಯ ಸಾಲಲಿಲ್ಲ.

ಈಗ ನಾಲ್ಕನೆಯ ಅಂಶ, ಸಂಪರ್ಕವನ್ನು ಕಡಿಯುವುದು, ತಿರುಗಿಸುವುದು. ಒತ್ತೆಯಾಳುಗಳೊಂದಿಗೆ ಕಟ್ಟಡವೊಂದರಲ್ಲಿ ಅಡಗಿ ಕೂತವನ ವಿಷಯದಲ್ಲಿ ಮಾತ್ರ ಇದಕ್ಕೆ ಅರ್ಥವಿದೆ. ಕ್ಯಾಲಿಫೋರ್ನಿಯದ ಸಾರ್ವಜನಿಕ ಉಪಯುಕ್ತತಾ ಸಂಹಿತೆಯ 7907ನೇ ಕಲಮು ಇದನ್ನು ಸ್ಪಷ್ಟವಾಗಿ ಬರೆದಿದೆ. ಒಬ್ಬನು ಒತ್ತೆಯಾಳುಗಳನ್ನು ಹಿಡಿದಿದ್ದಾನೆ ಎಂದು ನಂಬಲು ಕಾರಣವಿದ್ದರೆ ಮೇಲ್ವಿಚಾರಕ ಪೊಲೀಸ್ ಅಧಿಕಾರಿಯು ದೂರವಾಣಿ ಕಂಪನಿ ಮೊದಲೇ ಗೊತ್ತುಮಾಡಿದ ಭದ್ರತಾ ಸಿಬ್ಬಂದಿಗೆ ಆದೇಶಿಸಿ, ಆ ಮನೆಯ ತಂತಿಯನ್ನು ಕಡಿಸಬಹುದು ಅಥವಾ ತಿರುಗಿಸಬಹುದು. ಉದ್ದೇಶ ಒಂದೇ: ಅವನು ಪೊಲೀಸರನ್ನೋ ಅವರು ಒಪ್ಪಿದವರನ್ನೋ ಬಿಟ್ಟು ಬೇರೆ ಯಾರೊಂದಿಗೂ ಮಾತಾಡದಂತೆ ಮಾಡುವುದು. ಫ್ಲಾರಿಡಾದಲ್ಲೂ ಇಂಥದ್ದೇ ಕಲಮು ಇದೆ. ಹೊರಗಿನವರ ಕರೆಗಳು ಸಂಧಾನವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು 1988ರ ಆಗಸ್ಟಿನಲ್ಲಿ ಪಶ್ಚಿಮ ಜರ್ಮನಿಯ ಗ್ಲಾಡ್‌ಬೆಕ್ ಪಟ್ಟಣದ ಬ್ಯಾಂಕಿನಲ್ಲಿ ಜಗತ್ತು ಕಂಡಿತು. ಪತ್ರಕರ್ತರು ನೇರ ಬ್ಯಾಂಕಿಗೇ ಫೋನ್ ಮಾಡಿ ದರೋಡೆಕೋರರನ್ನು ಸಂದರ್ಶಿಸಿದರು.

ಕಡಿಯುವುದೋ, ಕೇಳುವುದೋ? 2008ರ ನವೆಂಬರಿನ ಮುಂಬೈಯಲ್ಲಿ ಈ ಪ್ರಶ್ನೆ ಎದ್ದುನಿಂತಿತ್ತು. ತಾಜ್, ಒಬೆರಾಯ್, ನಾರಿಮನ್ ಹೌಸ್‌ನೊಳಗಿನ ಹಂತಕರಿಗೆ ಪಾಕಿಸ್ತಾನದಲ್ಲಿದ್ದ ಸೂತ್ರಧಾರರು ಇಂಟರ್ನೆಟ್ ಮೂಲಕ ಹಾಯುವ ಕರೆಗಳಲ್ಲಿ ಗಳಿಗೆಗಳಿಗೆಗೂ ಸೂಚನೆ ಕೊಡುತ್ತಿದ್ದರು. ಕಡಿದಿದ್ದರೆ ಸೂಚನೆಗಳು ನಿಲ್ಲುತ್ತಿದ್ದವು. ಕಡಿಯದೆ ಬಿಟ್ಟದ್ದರಿಂದ ಸಂಚಿನ ಪೂರ್ಣ ಸಾಕ್ಷ್ಯ ಸಿಕ್ಕಿತು. 2012ರ ಆಗಸ್ಟ್ 29ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ಸಂಭಾಷಣೆಗಳು ಪುಟಗಟ್ಟಲೆ ಇವೆ. ಟಿವಿ ವಾಹಿನಿಗಳ ನೇರ ಪ್ರಸಾರ ಹೇಗೆ ಸೂತ್ರಧಾರರ ಕಣ್ಣಾಯಿತು ಎಂದು ನ್ಯಾಯಾಲಯ ನೋವಿನಿಂದ ಬರೆಯಿತು. ಅಂಥ ಗಳಿಗೆಯಲ್ಲಿ ಸ್ಥಳದಲ್ಲಿರುವ ಅಧಿಕಾರಿಯ ವಿವೇಚನೆಗೆ ಕಾನೂನು ಜಾಗ ಬಿಡಲೇಬೇಕು. ಅದು ಸೀಮಿತವಾಗಿರಬೇಕಾದದ್ದು ಜಾಗದಲ್ಲಿ: ಒಂದು ಕಟ್ಟಡ, ಒಂದು ಸಂಖ್ಯೆ. 2011ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ರೈಲು ಸಂಸ್ಥೆ ಪ್ರತಿಭಟನೆಗೆ ಹೆದರಿ ನಿಲ್ದಾಣಗಳ ಮೊಬೈಲ್ ಸಂಕೇತವನ್ನೇ ನಿಲ್ಲಿಸಿದಾಗ ಕ್ಯಾಲಿಫೋರ್ನಿಯ ಎಚ್ಚೆತ್ತುಕೊಂಡು, 2013ರಲ್ಲಿ ಅಂಥ ಸ್ಥಗಿತಕ್ಕೆ ನ್ಯಾಯಾಲಯದ ಆದೇಶ ಬೇಕೆಂಬ ಕಾನೂನು ಮಾಡಿತು. ನಮ್ಮ 2023ರ ಕಾಯ್ದೆಯ 20ನೇ ಕಲಮು ಒಬ್ಬ ವ್ಯಕ್ತಿಯ ಅಥವಾ ಒಂದು ಉಪಕರಣದ ಸೇವೆಯನ್ನು ನಿಲ್ಲಿಸಲು ಅವಕಾಶ ಕೊಡುವಷ್ಟು ಸೂಕ್ಷ್ಮವಾಗಿದೆ. ರೂಢಿಯಲ್ಲಿ ಬಳಕೆಯಾಗುವುದು ಜಿಲ್ಲೆಗೆ ಜಿಲ್ಲೆಯನ್ನೇ ಮುಚ್ಚುವ ಅದರ ದೊಡ್ಡ ರೂಪ. ಮಗನ ಕರೆಗಾಗಿ ಫೋನ್ ಹಿಡಿದು ಕೂತ ತಾಯಿಯ ಊರಿನಲ್ಲೇ ಸಂಪರ್ಕ ಸ್ಥಗಿತವಾದರೆ ಏನಾದೀತೆಂದು ಆದೇಶಕ್ಕೆ ಸಹಿ ಹಾಕುವವರು ಯೋಚಿಸಬೇಕು.

ಕೊನೆಗೆ, ಮುದ್ರಿತವಾದ ಕರೆ ನ್ಯಾಯಾಲಯಕ್ಕೆ ಬಂದ ಮೇಲೆ ಏನಾಗುತ್ತದೆ ಎಂಬುದು. ಒತ್ತೆಹಣದ ಅಪಹರಣಕ್ಕೆ ಹಿಂದಿನ ದಂಡಸಂಹಿತೆಯಲ್ಲಿ 1993ರಲ್ಲಿ 364ಎ ಸೇರಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 140ರ 2ನೇ ಉಪಕಲಮು. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. 2021ರಲ್ಲಿ ತೆಲಂಗಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಶಾಲಾ ಬಾಲಕನ ಅಪಹರಣ. ತಂದೆಗೆ ಫೋನಿನಲ್ಲಿ 2 ಲಕ್ಷ ರೂಪಾಯಿಯ ಬೇಡಿಕೆ. ಅಪಹರಣವೂ ಬೇಡಿಕೆಯೂ ಸಾಬೀತಾದವು. ಕೊಲ್ಲುವ ಅಥವಾ ಗಾಯಗೊಳಿಸುವ ಬೆದರಿಕೆ ಸಾಬೀತಾಗಲಿಲ್ಲ. ಜೀವಾವಧಿ ಶಿಕ್ಷೆ ರದ್ದಾಗಿ ಸಾಮಾನ್ಯ ಅಪಹರಣದ ಏಳು ವರ್ಷದ ಶಿಕ್ಷೆ ಉಳಿಯಿತು. ಕರೆಯಲ್ಲಿ ನಿಜಕ್ಕೂ ಏನು ಹೇಳಲಾಯಿತು ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ. ಸ್ಪಷ್ಟ ಧ್ವನಿಮುದ್ರಿಕೆ ಇದ್ದರೆ ತಪ್ಪಿತಸ್ಥನಿಗೆ ತಕ್ಕ ಶಿಕ್ಷೆಯಾಗುತ್ತದೆ. ಬೆದರಿಕೆಯನ್ನೇ ಹಾಕದವನಿಗೆ ನೇಣಿನ ಭಯ ತಪ್ಪುತ್ತದೆ.

ಧ್ವನಿ ಯಾರದ್ದು ಎಂಬುದೂ ಅಷ್ಟೇ ಮುಖ್ಯ. ಮೋರೊ ಕುಟುಂಬಕ್ಕೆ ಬಂದ ಇನ್ನೊಂದು ಕರೆಯ ಧ್ವನಿ ಪ್ರಾಧ್ಯಾಪಕ ತೋನಿ ನೆಗ್ರಿಯದು ಎಂದು 1979ರಲ್ಲಿ ಅವರನ್ನು ಬಂಧಿಸಿದವರು ಆರೋಪಿಸಿದರು. ಆ ಆರೋಪ ಮುಂದೆ ನಿಲ್ಲಲಿಲ್ಲ, ಅದು ರೆಡ್ ಬ್ರಿಗೇಡ್ಸ್ ನಾಯಕ ಮಾರಿಯೊ ಮೊರೆಟ್ಟಿಯ ಧ್ವನಿ ಎಂದಾಯಿತು. ನಮ್ಮಲ್ಲಿ ಆರೋಪಿಯ ಧ್ವನಿಮಾದರಿ ಪಡೆಯಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು ಎಂದು 2019ರ ಆಗಸ್ಟ್ 2ರಂದು ರಿತೇಶ್ ಸಿನ್ಹಾ ಪ್ರಕರಣದಲ್ಲಿ ತೀರ್ಪಾಯಿತು. ಈಗ ಸುರಕ್ಷಾ ಸಂಹಿತೆಯ 349ನೇ ಕಲಮಿನಲ್ಲಿ ಅದು ಬರಹಕ್ಕಿಳಿದಿದೆ. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕಡ್ಡಾಯ ಎಂದ 2020ರ ಅರ್ಜುನ್ ಪಂಡಿತರಾವ್ ತೀರ್ಪು, ತನಿಖೆಯಲ್ಲಿ ಬೇಕಾದ ಕರೆ ವಿವರಗಳನ್ನು ಪ್ರತ್ಯೇಕವಾಗಿ, ಭದ್ರವಾಗಿ ಇಡುವಂತೆ ಕಂಪನಿಗಳಿಗೂ ಹೇಳಿತು. ಪ್ರಮಾಣಪತ್ರ ಇಲ್ಲವೆಂದು ಧ್ವನಿಮುದ್ರಿಕೆ ಬಿದ್ದುಹೋಗುವುದು ಇನ್ನು ಮುಂದೆ ಕ್ಷಮಿಸಲಾಗದ ಲೋಪ.

ಒತ್ತೆಯಾಳು ಮನೆಗೆ ಬಂದ ದಿನ ಕದ್ದಾಲಿಕೆಯ ಆದೇಶವೂ ಮುಗಿಯಬೇಕು. ಇಂದಿನ ನಿಯಮದಲ್ಲಿ ಅದು 60 ದಿನ ಉಸಿರಾಡುತ್ತಲೇ ಇರಬಹುದು. ಆ ಸಂಖ್ಯೆಗಳಲ್ಲಿ ಅಪಹರಣಕಾರನ ಬಂಧುಗಳದ್ದು, ಅಷ್ಟೇ ಅಲ್ಲ, ಪೀಡಿತ ಕುಟುಂಬದ್ದೂ ಇರುತ್ತದೆ. ಹೀಗೆ ಎಷ್ಟು ಆದೇಶಗಳಾದವು, ಎಷ್ಟು ದೃಢೀಕರಣವಿಲ್ಲದೆ ಬಿದ್ದವು ಎಂಬುದನ್ನು ನಮ್ಮ ಯಾವ ಸರ್ಕಾರವೂ ಪ್ರಕಟಿಸುವ ಪದ್ಧತಿ ಇಟ್ಟುಕೊಂಡಿಲ್ಲ. ಅಮೆರಿಕದ ನ್ಯಾಯಾಲಯಗಳ ಆಡಳಿತ ಕಚೇರಿ ಕಾಂಗ್ರೆಸ್ಸಿಗೆ ಪ್ರತಿ ವರ್ಷ ಕದ್ದಾಲಿಕೆ ವರದಿ ಒಪ್ಪಿಸುತ್ತದೆ. ಯಾವ ಅಪರಾಧಕ್ಕೆ ಎಷ್ಟು ಆದೇಶ ಎಂಬ ಕೋಷ್ಟಕ ಅದರಲ್ಲಿರುತ್ತದೆ, ಅಪಹರಣಕ್ಕೂ ಒಂದು ಸಾಲು ಇರುತ್ತದೆ. ಹೆಸರು, ಸಂಖ್ಯೆ ಯಾವುದೂ ಬೇಡ. ಅಂಥದ್ದೊಂದು ಕೋಷ್ಟಕವನ್ನು ವರ್ಷಕ್ಕೊಮ್ಮೆ ಕರ್ನಾಟಕ ವಿಧಾನಮಂಡಲದ ಮುಂದಿಡುವಂತೆ ಗೃಹ ಇಲಾಖೆಯನ್ನು ಕೇಳಲು ಹೊಸ ಕಾಯ್ದೆಯ ಅಗತ್ಯವೇ ಇಲ್ಲ. ಶಾಸಕರೊಬ್ಬರು ಸದನದಲ್ಲಿ ಒಂದು ಪ್ರಶ್ನೆ ಎತ್ತಿದರೆ ಅಲ್ಲಿಂದಲೇ ಅದು ಪ್ರಾರಂಭವಾಗಬಹುದು. ಈ ಸಭೆಯಲ್ಲಿರುವ ವಕೀಲರ ಸಂಘದ ಹಿರಿಯರು ಆ ಪ್ರಶ್ನೆಯ ಕರಡನ್ನು ತಯಾರಿಸಿಕೊಡಬೇಕೆಂದು ಕೋರುತ್ತೇನೆ.